ಕ್ಲೌಡ್‌ನಲ್ಲಿರುವ ವ್ಯಾಪಾರ ದತ್ತಾಂಶಕ್ಕೆ ಎಸ್‌ಕ್ಯುಎಲ್ ಸಂಪರ್ಕ: ವರ್ತಕರು ಹಾಗೂ ಸಣ್ಣ ತಯಾರಕರು ಅರಿತಿರಬೇಕಾದ ಅಂಶಗಳು

ವ್ಯಾಪಾರದ ಲೆಕ್ಕಪತ್ರಗಳು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರಬೇಕೆಂಬುದು ನಮ್ಮ ವರ್ತಕ ಸಮುದಾಯದ ಹಳೆಯ ವಾಡಿಕೆ. ಕಿರ್ದಿ, ಖತಾವಣಿ ಪುಸ್ತಕಗಳ ಸ್ಥಾನಕ್ಕೆ ಗಣಕಯಂತ್ರ ಬಂದಾಗಲೂ ಆ ಯಂತ್ರ ಅಂಗಡಿಯಲ್ಲೇ ಇತ್ತು. ಲೆಕ್ಕವೂ ಅದರೊಳಗೇ ಇತ್ತು. ಈಗ ಪರಿಸ್ಥಿತಿ ಬದಲಾಗಿದೆ. ಬಿಲ್ಲು ಸಿದ್ಧವಾಗುವುದು ನಮ್ಮ ಕೌಂಟರಿನಲ್ಲಾದರೂ ಅದರ ಅಂಕಿ ಅಂಶಗಳು ದೂರದ ಊರಿನ ಬಾಡಿಗೆ ಸರ್ವರಿನಲ್ಲಿ ದಾಖಲಾಗುತ್ತಿವೆ. ಇದನ್ನೇ ಸಾಮಾನ್ಯವಾಗಿ 'ಕ್ಲೌಡ್' ಎಂದು ಕರೆಯುತ್ತೇವೆ.

ಈ ವ್ಯವಸ್ಥೆಯಿಂದ ಅನುಕೂಲಗಳು ಅನೇಕ. ಆದರೆ ನಾವೇ ನಮೂದಿಸಿದ ಅಂಕಿಗಳನ್ನು ನಮಗೆ ಬೇಕಾದ ರೂಪದಲ್ಲಿ, ಬೇಕಾದ ದಿನ ಪಡೆಯುವುದು ಹೇಗೆ ಎಂಬ ಪ್ರಶ್ನೆ ಬಹುತೇಕ ಸಂಸ್ಥೆಗಳಲ್ಲಿ ಇನ್ನೂ ಬಗೆಹರಿದಿಲ್ಲ. ತಿಂಗಳ ಕೊನೆಯಲ್ಲಿ ಗುಮಾಸ್ತರು ತಂತ್ರಾಂಶದಿಂದ ವರದಿಯನ್ನು ಇಳಿಸಿಕೊಂಡು, ಎಕ್ಸೆಲ್ ಹಾಳೆಗೆ ಅಂಟಿಸಿ, ಅಂಕಣಗಳನ್ನು ಸರಿಪಡಿಸಿ ಮಾಲೀಕರ ಮೇಜಿಗೆ ತಲುಪಿಸುವ ಹೊತ್ತಿಗೆ ಆ ಮಾಹಿತಿ ಹಳೆಯದಾಗಿರುತ್ತದೆ. ನಡುವೆ ಒಂದು ಸಾಲು ತಪ್ಪಿದರೂ ಗೊತ್ತಾಗುವುದಿಲ್ಲ. ಇದಕ್ಕೆ ಪರ್ಯಾಯವೆಂದರೆ ನಮ್ಮ ಎಕ್ಸೆಲ್ ಹಾಳೆಯನ್ನಾಗಲಿ, ವರದಿ ತಂತ್ರಾಂಶವನ್ನಾಗಲಿ ಕ್ಲೌಡ್‌ನಲ್ಲಿರುವ ದತ್ತಾಂಶಕ್ಕೆ ನೇರವಾಗಿ ಜೋಡಿಸಿ, ಎಸ್‌ಕ್ಯುಎಲ್ ಭಾಷೆಯಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವುದು. ಇದು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ದೂರವಿಡುವ ಅಗತ್ಯವಿಲ್ಲ. ಜಮಾ ಖರ್ಚು ಬಲ್ಲವರಿಗೆ ಇದರ ತತ್ವ ಸುಲಭವಾಗಿ ಅರ್ಥವಾಗುತ್ತದೆ. ಪ್ರಸ್ತುತ ಲೇಖನದಲ್ಲಿ ಈ ಸಂಪರ್ಕದ ಕ್ರಮ, ಅದರ ಒಂದು ಉಪಯೋಗ ಹಾಗೂ ವಹಿಸಬೇಕಾದ ಎಚ್ಚರಗಳನ್ನು ವಿವರಿಸಲಾಗಿದೆ.

1. ನಮ್ಮ ದತ್ತಾಂಶ ಎಲ್ಲಿದೆ?

ಕ್ಲೌಡ್ ಎಂಬುದನ್ನು ಬಾಡಿಗೆ ಗೋದಾಮಿಗೆ ಹೋಲಿಸಬಹುದು. ಸರಕು ನಮ್ಮದು, ಕಟ್ಟಡ, ಕಾವಲು, ವಿದ್ಯುತ್ ಗೋದಾಮಿನವರದು. ಭಾರತದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 2015ರಲ್ಲಿ, ಅಮೆಜಾನ್ ಸಂಸ್ಥೆ 2016ರಲ್ಲಿ ಹಾಗೂ ಗೂಗಲ್ ಸಂಸ್ಥೆ 2017ರಲ್ಲಿ ತಮ್ಮ ಕ್ಲೌಡ್ ಕೇಂದ್ರಗಳನ್ನು ಆರಂಭಿಸಿದವು. ಅಂದಿನಿಂದ ನಮ್ಮ ಲೆಕ್ಕಪತ್ರಗಳನ್ನು ದೇಶದೊಳಗಿನ ಸರ್ವರಿನಲ್ಲೇ ಇರಿಸುವುದು ಸುಲಭವಾಗಿದೆ.

ಆದರೆ ಎಲ್ಲ ಗೋದಾಮುಗಳ ಬಾಗಿಲೂ ಒಂದೇ ಬಗೆಯದಲ್ಲ. ಸಂಪರ್ಕದ ಪ್ರಯತ್ನಕ್ಕೆ ಮುನ್ನ ನಮ್ಮದು ಯಾವ ಬಗೆ ಎಂಬುದನ್ನು ತಿಳಿಯಬೇಕು.

ಅ) ಡೇಟಾಬೇಸನ್ನೇ ಬಾಡಿಗೆಗೆ ಪಡೆದಿರುವುದು. ಅಮೆಜಾನ್ ಆರ್‌ಡಿಎಸ್, ಅಜೂರ್ ಎಸ್‌ಕ್ಯುಎಲ್, ಗೂಗಲ್ ಕ್ಲೌಡ್ ಎಸ್‌ಕ್ಯುಎಲ್ ಈ ಬಗೆಯವು. ನಮ್ಮ ಅಗತ್ಯಕ್ಕೆಂದೇ ತಂತ್ರಾಂಶ ಬರೆಸಿಕೊಂಡ ತಯಾರಿಕಾ ಘಟಕಗಳ ದತ್ತಾಂಶ ಸಾಮಾನ್ಯವಾಗಿ ಇಂತಹ ಕಡೆ ಇರುತ್ತದೆ. ಇಲ್ಲಿ ಎಸ್‌ಕ್ಯುಎಲ್ ಮೂಲಕ ನೇರ ಪ್ರವೇಶ ಸಾಧ್ಯ.

ಆ) ತಂತ್ರಾಂಶವನ್ನೇ ಚಂದಾ ಆಧಾರದ ಮೇಲೆ ಬಳಸುವುದು. ಇಲ್ಲಿ ಡೇಟಾಬೇಸಿನ ಬೀಗದ ಕೈ ತಂತ್ರಾಂಶ ಸಂಸ್ಥೆಯ ಬಳಿಯೇ ಇರುತ್ತದೆ. ಅವರು ಒದಗಿಸುವ ಎಪಿಐ ಎಂಬ ಕಿಟಕಿಯ ಮೂಲಕ ಮಾತ್ರ ಅಂಕಿಗಳನ್ನು ಪಡೆಯಬಹುದು. ನಾವು ಬರೆದ ಎಸ್‌ಕ್ಯುಎಲ್ ಪ್ರಶ್ನೆಯನ್ನು ಎಪಿಐ ಕೋರಿಕೆಯಾಗಿ ಪರಿವರ್ತಿಸುವ ಸಂಪರ್ಕ ತಂತ್ರಾಂಶಗಳು ಕೆಲವು ಸೇವೆಗಳಿಗೆ ದೊರೆಯುತ್ತವೆ.

ಇ) ಟ್ಯಾಲಿಯನ್ನು ಬಾಡಿಗೆ ಸರ್ವರಿನಲ್ಲಿ ನಡೆಸುವುದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಟ್ಯಾಲಿ ಸಂಸ್ಥೆಯ ತಂತ್ರಾಂಶ ನಮ್ಮ ಸದಸ್ಯರಲ್ಲಿ ಅನೇಕರಿಗೆ ಪರಿಚಿತ. ಟ್ಯಾಲಿಯ ದತ್ತಾಂಶವು ಅದರದೇ ಆದ ರೂಪದಲ್ಲಿ ಸಂಗ್ರಹವಾಗುತ್ತದೆ. ಆದರೆ ಟ್ಯಾಲಿ ಚಾಲನೆಯಲ್ಲಿರುವಾಗ ಒಡಿಬಿಸಿ ಎಂಬ ವ್ಯವಸ್ಥೆಯ ಮೂಲಕ ಎಕ್ಸೆಲ್‌ನಂತಹ ಇತರ ತಂತ್ರಾಂಶಗಳು ಅದರ ಖಾತೆಗಳನ್ನು ಓದಬಹುದು. ಇದಕ್ಕೆ ವಾಡಿಕೆಯಾಗಿ ಬಳಸುವ ಪೋರ್ಟ್ ಸಂಖ್ಯೆ 9000. ಈ ಪೋರ್ಟನ್ನು ಅಂತರ್ಜಾಲಕ್ಕೆ ತೆರೆದಿಡುವುದು ಸರ್ವಥಾ ಸಲ್ಲದು. ಅದೇ ಸರ್ವರಿನಲ್ಲಿರುವ ಎಕ್ಸೆಲ್‌ನಿಂದ ಸಂಪರ್ಕಿಸುವುದು ಕ್ಷೇಮ.

2. ಎಸ್‌ಕ್ಯುಎಲ್ ಎಂದರೇನು?

ಐಬಿಎಂ ಸಂಸ್ಥೆಯಲ್ಲಿದ್ದ ಗಣಿತಜ್ಞ ಎಡ್ಗರ್ ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ದತ್ತಾಂಶವನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳ ರೂಪದಲ್ಲಿ ಇರಿಸಬೇಕೆಂಬ ತತ್ವವನ್ನು ಮಂಡಿಸಿದರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಹಾಗೂ ರೇಮಂಡ್ ಬಾಯ್ಸ್ ಅವರು 1974ರಲ್ಲಿ ಇಂತಹ ಕೋಷ್ಟಕಗಳನ್ನು ಪ್ರಶ್ನಿಸಲು ಒಂದು ಭಾಷೆಯನ್ನು ರೂಪಿಸಿದರು. ಅದೇ ಇಂದಿನ ಎಸ್‌ಕ್ಯುಎಲ್. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆಯೂ 1987ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯೂ ಇದನ್ನು ಅಂಗೀಕರಿಸಿದವು. ಆದುದರಿಂದಲೇ ಡೇಟಾಬೇಸ್ ಯಾವ ಸಂಸ್ಥೆಯದಾದರೂ ಈ ಭಾಷೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ.

ಕೋಷ್ಟಕವೆಂದರೆ ನಮ್ಮ ರಿಜಿಸ್ಟರಿನ ಒಂದು ಹಾಳೆಯೆಂದು ಭಾವಿಸಿಕೊಳ್ಳಬಹುದು. ಖರೀದಿ ರಿಜಿಸ್ಟರಿನಲ್ಲಿ ಪ್ರತಿ ಬಿಲ್ಲಿಗೆ ಒಂದು ಸಾಲು. ದಿನಾಂಕ, ಸಂಖ್ಯೆ, ಮೊತ್ತ ಇವು ಅಂಕಣಗಳು. ಸರಬರಾಜುದಾರರ ವಿಳಾಸ ಮತ್ತು ಜಿಎಸ್‌ಟಿ ಸಂಖ್ಯೆಗಳನ್ನು ಪ್ರತಿ ಬಿಲ್ಲಿನ ಸಾಲಿನಲ್ಲೂ ಬರೆಯದೆ ಬೇರೊಂದು ಕೋಷ್ಟಕದಲ್ಲಿ ಒಮ್ಮೆ ಮಾತ್ರ ಬರೆದು, ಒಂದು ಕ್ರಮಸಂಖ್ಯೆಯಿಂದ ಎರಡನ್ನೂ ಜೋಡಿಸಲಾಗುತ್ತದೆ. ಕಿರ್ದಿಯಲ್ಲಿ ಖತಾವಣಿಯ ಪುಟಸಂಖ್ಯೆಯನ್ನು ನಮೂದಿಸುತ್ತಿದ್ದ ಪದ್ಧತಿಯೂ ಇದೇ ತತ್ವದ್ದು.

ಈ ಭಾಷೆಯಲ್ಲಿ ಮುಖ್ಯವಾದ ಕ್ರಿಯಾಪದಗಳು ನಾಲ್ಕು: ಸೆಲೆಕ್ಟ್ ಎಂದರೆ ಓದು, ಇನ್ಸರ್ಟ್ ಎಂದರೆ ಸೇರಿಸು, ಅಪ್‌ಡೇಟ್ ಎಂದರೆ ತಿದ್ದು, ಡಿಲೀಟ್ ಎಂದರೆ ಅಳಿಸು. ವರದಿಗಾಗಿ ಸಂಪರ್ಕ ಪಡೆಯುವ ನಮಗೆ ಬೇಕಾಗುವುದು ಮೊದಲನೆಯದು ಮಾತ್ರ. ಉಳಿದ ಮೂರನ್ನು ಏಕೆ ಮುಟ್ಟಬಾರದು ಎಂಬುದನ್ನು ಮುಂದೆ ವಿವರಿಸಲಾಗಿದೆ.

3. ಸಂಪರ್ಕ ಏರ್ಪಡಿಸುವ ಕ್ರಮ

ಸಂಪರ್ಕಕ್ಕೆ ಐದು ವಿವರಗಳು ಬೇಕು: ಸರ್ವರಿನ ವಿಳಾಸ, ಪೋರ್ಟ್ ಸಂಖ್ಯೆ, ಡೇಟಾಬೇಸಿನ ಹೆಸರು, ಬಳಕೆದಾರರ ಹೆಸರು ಮತ್ತು ಗುಪ್ತಪದ. ಪೋರ್ಟ್ ಸಂಖ್ಯೆ ವಾಡಿಕೆಯಂತೆ ಎಸ್‌ಕ್ಯುಎಲ್ ಸರ್ವರ್‌ಗೆ 1433, ಮೈಎಸ್‌ಕ್ಯುಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432. ತಂತ್ರಾಂಶ ಒದಗಿಸಿದವರಿಂದ ಇವನ್ನು ಬರಹದಲ್ಲಿ ಪಡೆಯಬೇಕು. ಗುಪ್ತಪದವನ್ನು ಮಾತ್ರ ಬೇರೆ ಮಾರ್ಗದಲ್ಲಿ ಪಡೆಯುವುದು ಲೇಸು.

ಮೊದಲನೆಯದಾಗಿ, ನಮ್ಮ ಗಣಕಯಂತ್ರದಲ್ಲಿ ಆಯಾ ಡೇಟಾಬೇಸಿನ ಒಡಿಬಿಸಿ ಡ್ರೈವರ್ ಅಳವಡಿಸಬೇಕು. 1992ರಲ್ಲಿ ಮೈಕ್ರೋಸಾಫ್ಟ್ ಬಳಕೆಗೆ ತಂದ ಒಡಿಬಿಸಿ ಪದ್ಧತಿಯು ಎರಡು ತಂತ್ರಾಂಶಗಳ ನಡುವೆ ದುಭಾಷಿಯಂತೆ ಕೆಲಸ ಮಾಡುತ್ತದೆ. ಇಲ್ಲಿ ಸಾಮಾನ್ಯವಾಗಿ ಎದುರಾಗುವ ತೊಡಕೊಂದಿದೆ. ಎಕ್ಸೆಲ್ 32 ಬಿಟ್‌ನದಾಗಿದ್ದರೆ ಡ್ರೈವರ್ ಕೂಡ 32 ಬಿಟ್‌ನದೇ ಆಗಿರಬೇಕು. 64 ಬಿಟ್ ಆಗಿದ್ದರೆ ಅದೂ 64 ಬಿಟ್. ಇವೆರಡು ಹೊಂದದಿದ್ದಲ್ಲಿ ಎಲ್ಲ ವಿವರಗಳು ಸರಿಯಿದ್ದರೂ ಸಂಪರ್ಕ ದೊರೆಯುವುದಿಲ್ಲ.

ಎರಡನೆಯದಾಗಿ, ಸರ್ವರಿನ ಫೈರ್‌ವಾಲ್‌ನಲ್ಲಿ ನಮ್ಮ ಕಚೇರಿಯ ಅಂತರ್ಜಾಲ ವಿಳಾಸಕ್ಕೆ ಮಾತ್ರ ಅನುಮತಿ ಕೊಡಿಸಬೇಕು. ಸಾಧಾರಣ ಬ್ರಾಡ್‌ಬ್ಯಾಂಡ್ ಸಂಪರ್ಕದಲ್ಲಿ ಈ ವಿಳಾಸ ಆಗಾಗ ಬದಲಾಗುತ್ತದೆ. ನಿನ್ನೆ ದೊರೆತ ವರದಿ ಇಂದು ದೊರೆಯುತ್ತಿಲ್ಲ ಎಂಬ ದೂರಿಗೆ ಅನೇಕ ವೇಳೆ ಇದೇ ಕಾರಣ. ಸೇವಾ ಸಂಸ್ಥೆಯಿಂದ ಸ್ಥಿರ ವಿಳಾಸ ಪಡೆಯುವುದು ಅಥವಾ ವಿಪಿಎನ್ ಮೂಲಕ ಸಂಪರ್ಕಿಸುವುದು ಇದಕ್ಕೆ ಪರಿಹಾರ. ತೊಂದರೆ ತಪ್ಪಿಸಲೆಂದು ಎಲ್ಲ ವಿಳಾಸಗಳಿಗೂ ಬಾಗಿಲು ತೆರೆದಿಡುವವರಿದ್ದಾರೆ. ಇದು ರಾತ್ರಿ ಅಂಗಡಿಯ ಷಟರ್ ಎಳೆಯದೆ ಮನೆಗೆ ಹೋದಂತೆ.

ಮೂರನೆಯದಾಗಿ, ಸಂಪರ್ಕವನ್ನು ಟಿಎಲ್‌ಎಸ್ ಎಂಬ ಗೂಢಲಿಪೀಕರಣದೊಂದಿಗೆ ಮಾತ್ರ ಏರ್ಪಡಿಸಬೇಕು. ಇದಿಲ್ಲದಿದ್ದಲ್ಲಿ ಅಂಕಿಗಳು ಅಂತರ್ಜಾಲದ ದಾರಿಯಲ್ಲಿ ತೆರೆದ ಅಂಚೆಕಾರ್ಡಿನಂತೆ ಸಾಗುತ್ತವೆ.

ಇಷ್ಟಾದ ಬಳಿಕ ಎಕ್ಸೆಲ್‌ನ 'ಡೇಟಾ' ಪಟ್ಟಿಯಲ್ಲಿ 'ಗೆಟ್ ಡೇಟಾ' ಆಯ್ದು, ಡೇಟಾಬೇಸಿನ ಬಗೆ ಅಥವಾ ಒಡಿಬಿಸಿ ಎಂದು ಸೂಚಿಸಿ, ಮೇಲಿನ ವಿವರಗಳನ್ನು ನೀಡಿದರೆ ಕೋಷ್ಟಕಗಳ ಪಟ್ಟಿ ತೆರೆದುಕೊಳ್ಳುತ್ತದೆ. ಒಮ್ಮೆ ವರದಿ ಸಿದ್ಧವಾದ ಮೇಲೆ 'ರಿಫ್ರೆಶ್ ಆಲ್' ಒತ್ತಿದಾಗಲೆಲ್ಲ ಆ ಕ್ಷಣದ ಅಂಕಿಗಳು ಹಾಳೆಗೆ ಬರುತ್ತವೆ. ಅಂಟಿಸುವ ಕೆಲಸ ಇರುವುದಿಲ್ಲ.

4. ಒಂದು ಉದಾಹರಣೆ: ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಬಾಕಿ

ಇದರಿಂದ ನಮಗೇನು ಲಾಭ ಎಂಬ ಪ್ರಶ್ನೆ ಸಹಜ. ಇಂದು ಬಹುತೇಕ ಎಲ್ಲ ವರ್ತಕರನ್ನೂ ತಟ್ಟುತ್ತಿರುವ ಒಂದು ಕಾನೂನಿನ ಮೂಲಕ ಇದನ್ನು ನೋಡೋಣ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಸರಕು ಅಥವಾ ಸೇವೆ ಪಡೆದವರು, ಲಿಖಿತ ಕರಾರಿದ್ದರೆ ಅದರಲ್ಲಿ ಒಪ್ಪಿದ ಅವಧಿಯೊಳಗೆ, ಆದರೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕು. ಕರಾರಿನಲ್ಲಿ 60 ಅಥವಾ 90 ದಿನವೆಂದಿದ್ದರೂ ಕಾನೂನಿನ ಮಿತಿ 45 ದಿನ. ಲಿಖಿತ ಕರಾರು ಇಲ್ಲದಿದ್ದರೆ ಅವಧಿ ಕೇವಲ 15 ದಿನ. ತಡವಾದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಆ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ಕಳೆಯುವಂತಿಲ್ಲ.

ಇದಕ್ಕೆ 2023ರ ಹಣಕಾಸು ಕಾಯ್ದೆಯು ಮತ್ತೊಂದು ಬಿಗಿಯನ್ನು ಸೇರಿಸಿತು. 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ಸೇರಿಸಲಾದ 'ಎಚ್' ಉಪಖಂಡದ ಪ್ರಕಾರ, 2024-25ರ ತೆರಿಗೆ ನಿರ್ಧರಣಾ ವರ್ಷದಿಂದ, ಮೇಲಿನ ಅವಧಿ ಮೀರಿದ ಬಾಕಿಯನ್ನು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ಪರಿಗಣಿಸಲಾಗುತ್ತದೆ. ತೆರಿಗೆ ವಿವರಣೆ ಸಲ್ಲಿಸುವ ದಿನಾಂಕದೊಳಗೆ ಪಾವತಿಸಿದರೆ ಸಾಕೆಂಬ ರಿಯಾಯಿತಿ ಇದಕ್ಕೆ ಅನ್ವಯಿಸುವುದಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಈ ನಿಯಮ ಮುಂದುವರಿದಿದೆ. ಮಧ್ಯಮ ಉದ್ದಿಮೆಗಳಿಗೆ ಕೊಡಬೇಕಾದ ಬಾಕಿಗೆ ಇದು ಅನ್ವಯವಾಗದು. ಕೇವಲ ವ್ಯಾಪಾರಿಗಳಾಗಿ ಉದ್ಯಮ್ ನೋಂದಣಿ ಪಡೆದವರಿಗೆ 2021ರ ಜುಲೈ ಆದೇಶದಂತೆ ಆದ್ಯತಾ ವಲಯದ ಸಾಲದ ಸೌಲಭ್ಯ ಮಾತ್ರ ಲಭ್ಯ.

ಆದುದರಿಂದ ಮಾರ್ಚ್ 31ಕ್ಕೆ ಮುನ್ನ ಮಾಲೀಕರ ಕೈಯಲ್ಲಿ ಒಂದು ಪಟ್ಟಿ ಇರಬೇಕು: ಯಾವ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಗೆ, ಯಾವ ಬಿಲ್ಲಿನ ಮೇಲೆ, ಎಷ್ಟು ಬಾಕಿಯ ಗಡುವು ಈ ವರ್ಷದಲ್ಲೇ ಮುಗಿಯುತ್ತದೆ? ಎಸ್‌ಕ್ಯುಎಲ್‌ನಲ್ಲಿ ಈ ಪ್ರಶ್ನೆಯ ರೂಪ ಹೀಗಿರುತ್ತದೆ. ಪರದೆಯ ಮೇಲೆ ಆದೇಶಗಳನ್ನು ರೋಮನ್ ಲಿಪಿಯಲ್ಲಿ ಬರೆಯಬೇಕು. ಇಲ್ಲಿ ಉಚ್ಚಾರಣೆಗೆ ಅನುಗುಣವಾಗಿ ಕನ್ನಡದಲ್ಲಿ ಕೊಡಲಾಗಿದೆ.

ಸೆಲೆಕ್ಟ್ ಪಾರ್ಟಿ.ಹೆಸರು, ಬಿಲ್.ಸಂಖ್ಯೆ, ಬಿಲ್.ಗಡುವು, ಬಿಲ್.ಬಾಕಿ
ಫ್ರಮ್ ಬಿಲ್
ಜಾಯಿನ್ ಪಾರ್ಟಿ ಆನ್ ಬಿಲ್.ಪಾರ್ಟಿ_ಸಂಖ್ಯೆ = ಪಾರ್ಟಿ.ಕ್ರಮಸಂಖ್ಯೆ
ವೇರ್ ಪಾರ್ಟಿ.ವರ್ಗ ಇನ್ ('ಸೂಕ್ಷ್ಮ', 'ಸಣ್ಣ')
ಆ್ಯಂಡ್ ಬಿಲ್.ಬಾಕಿ > 0
ಆ್ಯಂಡ್ ಬಿಲ್.ಗಡುವು <= 'ಮಾರ್ಚ್ 31'
ಆರ್ಡರ್ ಬೈ ಬಿಲ್.ಗಡುವು

ಮೊದಲ ಸಾಲು ನಮಗೆ ಬೇಕಾದ ಅಂಕಣಗಳನ್ನು ಹೇಳುತ್ತದೆ. 'ಫ್ರಮ್' ಯಾವ ಕೋಷ್ಟಕದಿಂದ ಎಂಬುದನ್ನು, 'ಜಾಯಿನ್' ಬಿಲ್ಲಿನ ಕೋಷ್ಟಕಕ್ಕೂ ಪಾರ್ಟಿಯ ಕೋಷ್ಟಕಕ್ಕೂ ಇರುವ ಕೊಂಡಿಯನ್ನು ತಿಳಿಸುತ್ತದೆ. 'ವೇರ್' ಎಂಬುದು ಷರತ್ತು. 'ಆರ್ಡರ್ ಬೈ' ಎಂಬುದು ಗಡುವಿನ ಪ್ರಕಾರ ಜೋಡಿಸು ಎಂಬ ಆದೇಶ.

ಒಂದು ಕಾಲ್ಪನಿಕ ಯಂತ್ರಭಾಗ ತಯಾರಿಕಾ ಘಟಕದ ಲೆಕ್ಕವನ್ನು ತೆಗೆದುಕೊಳ್ಳೋಣ. ಫೆಬ್ರವರಿಗೆ 28 ದಿನಗಳಿರುವ ವರ್ಷದ ಮಾರ್ಚ್ 15ರಂದು ಮೂರು ಬಿಲ್ಲುಗಳು ಬಾಕಿ ಇವೆ. ಮೂವರೂ ಸಣ್ಣ ಉದ್ದಿಮೆದಾರರು. ಎರಕದ ಕಾರ್ಖಾನೆಗೆ 45 ದಿನಗಳ ಲಿಖಿತ ಕರಾರಿದ್ದು, ಫೆಬ್ರವರಿ 10ರಂದು ಸರಕು ಬಂದಿದೆ. ಬಾಕಿ 2,40,000 ರೂ.; ಗಡುವು ಮಾರ್ಚ್ 27. ಹೀಟ್ ಟ್ರೀಟ್‌ಮೆಂಟ್ ಜಾಬ್‌ವರ್ಕ್ ಮಾಡಿಕೊಟ್ಟವರೊಂದಿಗೆ ಲಿಖಿತ ಕರಾರಿಲ್ಲ. ಮಾರ್ಚ್ 5ರಂದು ಕೆಲಸ ಸ್ವೀಕರಿಸಲಾಗಿದೆ. ಬಾಕಿ 1,10,000 ರೂ.; ಗಡುವು ಮಾರ್ಚ್ 20. ರಟ್ಟಿನ ಪೆಟ್ಟಿಗೆ ತಯಾರಕರಿಗೆ 30 ದಿನಗಳ ಲಿಖಿತ ಕರಾರಿದ್ದು, ಮಾರ್ಚ್ 8ರಂದು ಸರಕು ಬಂದಿದೆ. ಬಾಕಿ 65,000 ರೂ.; ಗಡುವು ಏಪ್ರಿಲ್ 7. ಮೊತ್ತಗಳೆಲ್ಲ ಜಿಎಸ್‌ಟಿ ಹೊರತುಪಡಿಸಿದವು.

ಮೇಲಿನ ಪ್ರಶ್ನೆಗೆ ಉತ್ತರವಾಗಿ ಮೊದಲೆರಡು ಬಿಲ್ಲುಗಳು ಮಾತ್ರ ಬರುತ್ತವೆ; ಒಟ್ಟು 3,50,000 ರೂ. ಮೂರನೆಯದರ ಗಡುವು ಮುಂದಿನ ವರ್ಷದಲ್ಲಿರುವುದರಿಂದ ಏಪ್ರಿಲ್ 7ರೊಳಗೆ ಪಾವತಿಸಿದರೆ ಈ ವರ್ಷದ ಖರ್ಚಾಗಿಯೇ ಸಲ್ಲುತ್ತದೆ. ಮೊದಲೆರಡನ್ನು ಮಾರ್ಚ್ 31ರ ಒಳಗೆ ಪಾವತಿಸದಿದ್ದಲ್ಲಿ 3,50,000 ರೂ. ಈ ವರ್ಷದ ಆದಾಯಕ್ಕೆ ಸೇರುತ್ತದೆ. ಪಾಲುದಾರಿಕೆ ಸಂಸ್ಥೆಯಾದರೆ ಶೇ. 30ರಂತೆ 1,05,000 ರೂ. ತೆರಿಗೆ, ಅದರ ಮೇಲೆ ಶೇ. 4ರಂತೆ 4,200 ರೂ. ಸೆಸ್, ಒಟ್ಟು 1,09,200 ರೂ. ಈ ವರ್ಷವೇ ಕಟ್ಟಬೇಕಾಗುತ್ತದೆ. ಮುಂದಿನ ವರ್ಷ ಆ ಖರ್ಚು ಸಿಗುವುದು ನಿಜ. ಆದರೆ ಅಲ್ಲಿಯವರೆಗೆ ಅಷ್ಟು ದುಡಿಯುವ ಬಂಡವಾಳ ಕೈಬಿಟ್ಟು ಹೋಗುತ್ತದೆ. ಸಪ್ಟೆಂಬರಿನಲ್ಲಿ ಲೆಕ್ಕಪರಿಶೋಧನೆಯ ಸಮಯದಲ್ಲಿ ಈ ಪಟ್ಟಿ ಸಿದ್ಧವಾದರೆ ಅದನ್ನು ನೋಡಿ ಮರುಗುವುದಷ್ಟೇ ಉಳಿಯುತ್ತದೆ. ಮಾರ್ಚ್ 15ರಂದು ಸಿದ್ಧವಾದರೆ ಹಣ ಹೊಂದಿಸಲು ಹದಿನಾರು ದಿನಗಳಿರುತ್ತವೆ. ಲಿಖಿತ ಕರಾರಿಲ್ಲದೆ ಮಾರ್ಚ್ 16ರವರೆಗೆ ಸ್ವೀಕರಿಸಿದ ಸರಕಿನ ಗಡುವೂ ಮಾರ್ಚ್ 31ರೊಳಗೇ ಬರುವುದರಿಂದ, ತಿಂಗಳ ಕೊನೆಯ ವಾರದಲ್ಲಿ ಇನ್ನೊಮ್ಮೆ ರಿಫ್ರೆಶ್ ಮಾಡುವುದು ಅವಶ್ಯಕ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಗಡುವನ್ನು ಎಣಿಸುವುದು ಬಿಲ್ಲಿನ ದಿನಾಂಕದಿಂದಲ್ಲ, ಸರಕು ಸ್ವೀಕರಿಸಿದ ದಿನದಿಂದ. ಸರಕಿನ ಬಗ್ಗೆ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿದ್ದರೆ, ಅದು ಪರಿಹಾರವಾದ ದಿನದಿಂದ. ಸ್ವೀಕಾರದ ದಿನಾಂಕವನ್ನೂ ಪಾರ್ಟಿಯ ಉದ್ಯಮ್ ವರ್ಗವನ್ನೂ ನಾವು ದಾಖಲಿಸದೇ ಇದ್ದರೆ ಯಾವ ಎಸ್‌ಕ್ಯುಎಲ್ ಪ್ರಶ್ನೆಯೂ ಅದನ್ನು ಹುಡುಕಿಕೊಡಲಾರದು. ಬಿತ್ತಿದ್ದನ್ನೇ ಬೆಳೆಯಬೇಕು.

ಇದೇ ಕ್ರಮದಲ್ಲಿ, ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಸರಬರಾಜುದಾರರಿಗೆ ಹಣ ಪಾವತಿಸದಿದ್ದರೆ ಹಿಂದಿರುಗಿಸಬೇಕಾದ ಜಿಎಸ್‌ಟಿ ಹೂಟುವಳಿ ತೆರಿಗೆಯ ಪಟ್ಟಿಯನ್ನೂ ಪಡೆಯಬಹುದು. ಷರತ್ತಿನ ಸಾಲು ಮಾತ್ರ ಬದಲಾಗುತ್ತದೆ.

5. ಅಂಕಿಗಳು ತಪ್ಪಾಗಬಹುದಾದ ಸಂದರ್ಭಗಳು

ಪರದೆಯ ಮೇಲೆ ಬಂದ ಅಂಕಿಯೆಲ್ಲ ಸರಿಯೆಂದು ನಂಬುವಂತಿಲ್ಲ. ಅನುಭವದಲ್ಲಿ ಮತ್ತೆ ಮತ್ತೆ ಕಾಣುವ ನಾಲ್ಕು ದೋಷಗಳಿವೆ.

ಮೊದಲನೆಯದು, ದುಪ್ಪಟ್ಟಾಗುವುದು. 1,00,000 ರೂ.ಗಳ ಒಂದು ಬಿಲ್ಲಿಗೆ ಎರಡು ಕಂತುಗಳಲ್ಲಿ ಪಾವತಿಯಾಗಿದ್ದು, ಬಿಲ್ಲಿನ ಕೋಷ್ಟಕವನ್ನು ಪಾವತಿಯ ಕೋಷ್ಟಕದೊಂದಿಗೆ ಜೋಡಿಸಿದರೆ ಆ ಬಿಲ್ಲು ಎರಡು ಸಾಲುಗಳಲ್ಲಿ ಬರುತ್ತದೆ. ಮೊತ್ತ ಕೂಡಿದರೆ ಖರೀದಿ 2,00,000 ರೂ. ಎಂದು ತೋರುತ್ತದೆ. ಪಾವತಿಗಳನ್ನು ಬಿಲ್ಲುವಾರು ಮೊದಲು ಕೂಡಿ, ಅನಂತರ ಜೋಡಿಸಬೇಕು.

ಎರಡನೆಯದು, ಖಾಲಿ ಜಾಗ. ಪಾವತಿಯಾಗದ ಬಿಲ್ಲಿನಲ್ಲಿ ಪಾವತಿ ದಿನಾಂಕ ಖಾಲಿ ಇರುತ್ತದೆ. ಎಸ್‌ಕ್ಯುಎಲ್‌ನಲ್ಲಿ ಇದನ್ನು 'ನಲ್' ಎನ್ನುತ್ತಾರೆ. ಅದು ಸೊನ್ನೆಯಲ್ಲ, ಯಾವ ದಿನಾಂಕವೂ ಅಲ್ಲ. 'ಪಾವತಿ ದಿನಾಂಕ ಮಾರ್ಚ್ 31ರ ನಂತರ' ಎಂದು ಕೇಳಿದರೆ ತಡವಾಗಿ ಪಾವತಿಯಾದವು ಬರುತ್ತವೆ. ಪಾವತಿಯೇ ಆಗದವು ಬಿಟ್ಟುಹೋಗುತ್ತವೆ. 'ಈಸ್ ನಲ್' ಎಂಬ ಷರತ್ತನ್ನು ಪ್ರತ್ಯೇಕವಾಗಿ ಸೇರಿಸಬೇಕು.

ಮೂರನೆಯದು, ವೇಳೆಯ ವ್ಯತ್ಯಾಸ. ಕ್ಲೌಡ್ ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಎಂಬ ಅಂತಾರಾಷ್ಟ್ರೀಯ ವೇಳೆಯನ್ನು ಅನುಸರಿಸುತ್ತವೆ. ಅದು ಭಾರತೀಯ ವೇಳೆಗಿಂತ ಐದೂವರೆ ಗಂಟೆ ಹಿಂದೆ. ಏಪ್ರಿಲ್ 1ರ ಮುಂಜಾನೆ 4 ಗಂಟೆಗೆ ಹೂವಿನ ಅಥವಾ ತರಕಾರಿ ಮಾರುಕಟ್ಟೆಯಲ್ಲಿ ಮಾಡಿದ ಬಿಲ್ಲು ಸರ್ವರಿನಲ್ಲಿ ಮಾರ್ಚ್ 31ರ ರಾತ್ರಿ 10.30 ಎಂದು ದಾಖಲಾಗಬಹುದು. ಆಗ ಮಾರಾಟ ಹಿಂದಿನ ಆರ್ಥಿಕ ವರ್ಷಕ್ಕೆ ಸೇರಿಹೋಗುತ್ತದೆ. ರಾತ್ರಿ ಪಾಳಿ ನಡೆಸುವ ಕಾರ್ಖಾನೆಗಳಿಗೂ ಈ ಎಚ್ಚರಿಕೆ ಅಗತ್ಯ.

ನಾಲ್ಕನೆಯದು, ಪೈಸೆಯ ವ್ಯತ್ಯಾಸ. ಹಣದ ಅಂಕಣವನ್ನು 'ಡೆಸಿಮಲ್' ಬಗೆಯಲ್ಲಿ ಇರಿಸುವ ಬದಲು 'ಫ್ಲೋಟ್' ಬಗೆಯಲ್ಲಿ ಇರಿಸಿದ್ದರೆ, ಗಣಕಯಂತ್ರದ ದ್ವಿಮಾನ ಪದ್ಧತಿಯಲ್ಲಿ ಹತ್ತು ಪೈಸೆಯಂತಹ ಭಿನ್ನರಾಶಿ ನಿಖರವಾಗಿ ಕೂರುವುದಿಲ್ಲ. ಸಾವಿರಾರು ಸಾಲುಗಳನ್ನು ಕೂಡಿದಾಗ ತಾಳೆ ತಪ್ಪುತ್ತದೆ.

ಇವೆಲ್ಲಕ್ಕೂ ಒಂದೇ ಮದ್ದು ತಾಳೆ ನೋಡುವುದು. ಎಸ್‌ಕ್ಯುಎಲ್‌ನಿಂದ ಬಂದ ಒಟ್ಟು ಮೊತ್ತವು ತಂತ್ರಾಂಶದ ತಾಳೆಪಟ್ಟಿಯಲ್ಲಿರುವ ಅದೇ ಖಾತೆಯ ಶಿಲ್ಕಿಗೆ ಹೊಂದುವವರೆಗೆ ಆ ವರದಿಯನ್ನು ಯಾವ ನಿರ್ಧಾರಕ್ಕೂ ಬಳಸಬಾರದು.

6. ಓದಲು ಮಾತ್ರ, ತಿದ್ದಲು ಅಲ್ಲ

ಸಂಪರ್ಕಕ್ಕೆ ಪ್ರತ್ಯೇಕ ಬಳಕೆದಾರರನ್ನು ಸೃಷ್ಟಿಸಿ, ಅವರಿಗೆ 'ಸೆಲೆಕ್ಟ್' ಅಧಿಕಾರವನ್ನು ಮಾತ್ರ ನೀಡುವಂತೆ ತಂತ್ರಾಂಶದವರಿಗೆ ಸೂಚಿಸಬೇಕು. ಮಾರಾಟ ವಿಭಾಗದವರಿಗೆ ವೇತನದ ಕೋಷ್ಟಕ ಕಾಣಬೇಕಿಲ್ಲ. ಅವರಿಗೆ ಬೇಕಾದ ಅಂಕಣಗಳನ್ನಷ್ಟೇ ತೋರಿಸುವ 'ವ್ಯೂ' ಎಂಬ ಏರ್ಪಾಡು ಎಲ್ಲ ಪ್ರಮುಖ ಡೇಟಾಬೇಸುಗಳಲ್ಲೂ ಇದೆ.

ಲೆಕ್ಕಪರಿಶೋಧಕರ ದೃಷ್ಟಿಯಿಂದ ಇದಕ್ಕೆ ಇನ್ನೂ ಗಂಭೀರವಾದ ಕಾರಣವಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ವ್ಯವಹಾರದ ಬದಲಾವಣೆಯನ್ನೂ ದಿನಾಂಕ ಸಮೇತ ದಾಖಲಿಸುವ, ನಿಷ್ಕ್ರಿಯಗೊಳಿಸಲಾಗದ ಆಡಿಟ್ ಟ್ರಯಲ್ ಇರುವುದು ಕಡ್ಡಾಯ. ಅದು ವರ್ಷಪೂರ್ತಿ ಚಾಲನೆಯಲ್ಲಿತ್ತೇ ಎಂಬುದರ ಬಗ್ಗೆ ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ನಮೂದಿಸಬೇಕು. ತಂತ್ರಾಂಶದ ಪರದೆಯಲ್ಲಿ ವೋಚರ್ ತಿದ್ದಿದರೆ ಈ ದಾಖಲೆ ಉಳಿಯುತ್ತದೆ. ಆದರೆ ಯಾರಾದರೂ ಹಿಂಬಾಗಿಲಿನಿಂದ ಬಂದು ಡೇಟಾಬೇಸಿನಲ್ಲೇ 'ಅಪ್‌ಡೇಟ್' ಆದೇಶ ನೀಡಿದರೆ, ಡೇಟಾಬೇಸ್ ಮಟ್ಟದಲ್ಲೂ ದಾಖಲಾತಿ ಏರ್ಪಡಿಸದ ಹೊರತು ಅದರ ಸುಳಿವೇ ಸಿಗದು. ಹಾಗೆ ತಿದ್ದಲು ಸಾಧ್ಯವಿದ್ದ ಸಂಸ್ಥೆಯ ಪುಸ್ತಕಗಳ ಮೇಲೆ ಬ್ಯಾಂಕಿನವರಾಗಲಿ ತೆರಿಗೆ ಅಧಿಕಾರಿಗಳಾಗಲಿ ವಿಶ್ವಾಸವಿಡುವುದು ಕಷ್ಟ. ಮಾಲೀಕತ್ವದ ಹಾಗೂ ಪಾಲುದಾರಿಕೆಯ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದಿದ್ದರೂ ಅದರ ಹಿಂದಿರುವ ತತ್ವ ಎಲ್ಲರಿಗೂ ಒಂದೇ. 'ತುರ್ತಾಗಿ ಒಂದು ಎಂಟ್ರಿ ಸರಿಮಾಡಿಕೊಡಿ' ಎಂದು ತಂತ್ರಾಂಶದವರಿಗೆ ದೂರವಾಣಿ ಮಾಡುವ ಅಭ್ಯಾಸವನ್ನು ಕೈಬಿಡುವುದು ಒಳಿತು.

ಇನ್ನು ಕೆಲವು ಎಚ್ಚರಗಳು: ಗುಪ್ತಪದವನ್ನು ಎಕ್ಸೆಲ್ ಕಡತದೊಳಗೆ ಬರೆದಿಟ್ಟು ಆ ಕಡತವನ್ನು ಇತರರಿಗೆ ರವಾನಿಸಬಾರದು. ಪ್ರತಿ ನೌಕರರಿಗೂ ಪ್ರತ್ಯೇಕ ಹೆಸರು ಇರಬೇಕು ಮತ್ತು ಕೆಲಸ ಬಿಟ್ಟ ದಿನವೇ ಅದನ್ನು ರದ್ದುಪಡಿಸಬೇಕು. ಡೀಲರುಗಳಿಗಾಗಿ ಸ್ವಂತ ಆ್ಯಪ್ ಮಾಡಿಸಿದ್ದರೆ, ಬಳಕೆದಾರರು ಟೈಪು ಮಾಡಿದ ಪದಗಳನ್ನು ನೇರವಾಗಿ ಎಸ್‌ಕ್ಯುಎಲ್ ವಾಕ್ಯಕ್ಕೆ ಹೆಣೆಯುವ ಪದ್ಧತಿ ಅಪಾಯಕಾರಿ. ಹೆಸರಿನ ಜಾಗದಲ್ಲಿ ಆದೇಶವನ್ನೇ ಬರೆದು ಎಲ್ಲ ಗ್ರಾಹಕರ ಪಟ್ಟಿಯನ್ನು ಕದಿಯುವುದು ಇದರಿಂದ ಸಾಧ್ಯ. ಇದಕ್ಕೆ 'ಎಸ್‌ಕ್ಯುಎಲ್ ಇಂಜೆಕ್ಷನ್' ಎಂದು ಹೆಸರು. ಮೌಲ್ಯಗಳನ್ನು ಪ್ಯಾರಾಮೀಟರುಗಳಾಗಿ ಪ್ರತ್ಯೇಕವಾಗಿ ಕಳುಹಿಸುವ ಕ್ರಮವನ್ನು ಅನುಸರಿಸಲಾಗಿದೆಯೇ ಎಂದು ಲಿಖಿತವಾಗಿ ಕೇಳಿ ಪಡೆಯಬೇಕು. ಭಾರಿ ವರದಿಗಳನ್ನು ಬಿಲ್ಲಿಂಗ್ ಭರಾಟೆಯ ವೇಳೆಯಲ್ಲಿ ಓಡಿಸಿದರೆ ಕೌಂಟರಿನ ಕೆಲಸ ನಿಧಾನವಾಗುತ್ತದೆ. ಅಂಗಡಿ ಮುಚ್ಚಿದ ನಂತರದ ಸಮಯ ಅಥವಾ ಓದುವುದಕ್ಕೆಂದೇ ಇರಿಸಿದ ಪ್ರತಿಯನ್ನು ಬಳಸಬೇಕು.

7. ಕಾನೂನಿನ ಹೊಣೆ

ಗೋದಾಮು ಯಾರದಾದರೂ ಲೆಕ್ಕಪುಸ್ತಕದ ಹೊಣೆ ನಮ್ಮದೇ. 2022ರ ಆಗಸ್ಟ್ ತಿದ್ದುಪಡಿಯ ಪ್ರಕಾರ ಕಂಪನಿಗಳು ತಮ್ಮ ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಇರಿಸಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಆಯಾ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳುಗಳವರೆಗೆ ದಾಖಲೆಗಳನ್ನು ಕಾಪಾಡಬೇಕು. ಚಂದಾ ನಿಲ್ಲಿಸಿದ ಮರುದಿನ ದತ್ತಾಂಶ ಅಳಿಸಿಹೋದರೆ ಈ ಹೊಣೆಯನ್ನು ನಿರ್ವಹಿಸುವುದು ಅಸಾಧ್ಯ.

ಆದುದರಿಂದ ಕ್ಲೌಡ್ ಸೇವೆಯ ಕರಾರಿಗೆ ಸಹಿ ಹಾಕುವ ಮುನ್ನ ಸದಸ್ಯರು ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಸೂಕ್ತ:

ಅ) ನಮ್ಮ ದತ್ತಾಂಶ ಯಾವ ಊರಿನ ಸರ್ವರಿನಲ್ಲಿದೆ? ಬ್ಯಾಕಪ್ ಪ್ರತಿ ಎಲ್ಲಿದೆ?
ಆ) ಓದಲು ಮಾತ್ರ ಅಧಿಕಾರವಿರುವ ಎಸ್‌ಕ್ಯುಎಲ್ ಸಂಪರ್ಕ ಅಥವಾ ಎಪಿಐ ದೊರೆಯುತ್ತದೆಯೇ? ಅದಕ್ಕೆ ಪ್ರತ್ಯೇಕ ಶುಲ್ಕವಿದೆಯೇ?
ಇ) ಕೋಷ್ಟಕ ಮತ್ತು ಅಂಕಣಗಳ ವಿವರಪಟ್ಟಿಯನ್ನು ಒದಗಿಸುತ್ತೀರಾ?
ಈ) ದಿನಾಂಕಗಳು ಯುಟಿಸಿಯಲ್ಲಿವೆಯೇ, ಭಾರತೀಯ ವೇಳೆಯಲ್ಲಿವೆಯೇ?
ಉ) ಡೇಟಾಬೇಸಿನಲ್ಲಿ ನೇರವಾಗಿ ತಿದ್ದುವ ಅಧಿಕಾರ ಯಾರಿಗಿದೆ? ಅದರ ದಾಖಲೆ ಇಡಲಾಗುತ್ತದೆಯೇ?
ಊ) ಸೇವೆ ನಿಲ್ಲಿಸಿದಾಗ ಪೂರ್ಣ ದತ್ತಾಂಶವನ್ನು ಯಾವ ರೂಪದಲ್ಲಿ, ಎಷ್ಟು ದಿನಗಳೊಳಗೆ ಹಿಂದಿರುಗಿಸುತ್ತೀರಿ?

ಹೊಸದಾಗಿ ಆರಂಭಿಸುವವರು ಏಕಕಾಲಕ್ಕೆ ಹತ್ತು ವರದಿಗಳಿಗೆ ಕೈಹಾಕುವುದು ಬೇಡ. ಸಣ್ಣ ಉದ್ದಿಮೆಗಳ ಬಾಕಿಪಟ್ಟಿ ಎಂಬ ಒಂದೇ ವರದಿಯಿಂದ ಆರಂಭಿಸಿ, ಒಂದು ತಿಂಗಳ ಕಾಲ ಅದನ್ನು ಹಳೆಯ ಪದ್ಧತಿಯ ಪಟ್ಟಿಯೊಂದಿಗೆ ಹೋಲಿಸಿ, ತಾಳೆಯಾದ ನಂತರ ಮುಂದಿನದಕ್ಕೆ ತೊಡಗಬೇಕು. ಅದಕ್ಕೂ ಮುನ್ನ ಈ ವಾರವೇ ಮಾಡಬಹುದಾದ, ಖರ್ಚಿಲ್ಲದ ಕೆಲಸವೊಂದಿದೆ: ಪ್ರತಿ ಸರಬರಾಜುದಾರರಿಂದ ಉದ್ಯಮ್ ನೋಂದಣಿ ಪತ್ರದ ಪ್ರತಿ ಪಡೆದು ಅವರ ವರ್ಗವನ್ನು ತಂತ್ರಾಂಶದಲ್ಲಿ ನಮೂದಿಸುವುದು ಮತ್ತು ಇನ್ನು ಮುಂದೆ ಪ್ರತಿ ಬಿಲ್ಲಿನೊಂದಿಗೆ ಸರಕು ಸ್ವೀಕರಿಸಿದ ದಿನಾಂಕವನ್ನು ತಪ್ಪದೆ ಬರೆಯುವುದು.